ಚುಕ್ಕಿಗಳ ಪರದೆ, ತುಂಬಿದ ಡಿಸ್ಕು: ನ್ಯೂಜೆರ್ಸಿಯ ಯೂನಿಕ್ಸ್ ಪಿ.ಸಿ.ಯೂ ನಮ್ಮ ಅಕ್ಷರಗಳೂ

ಅಮೆರಿಕದ ಕನ್ನಡ ಕೂಟಗಳ ಹಳೆಯ ಸಂಚಿಕೆಗಳು ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ ದಯವಿಟ್ಟು ತೆಗೆದು ನೋಡಿ. ಇಂಗ್ಲಿಷ್ ಪುಟಗಳು ಅಚ್ಚುಕಟ್ಟಾಗಿ ಟೈಪಾಗಿರುತ್ತವೆ. ಕನ್ನಡದ ಪುಟಗಳು ಮಾತ್ರ ಯಾರೋ ಪುಣ್ಯಾತ್ಮರು ರಾತ್ರಿ ಕೂತು ದುಂಡಗೆ ಕೈಯಲ್ಲಿ ಬರೆದು, ಝೆರಾಕ್ಸ್ ತೆಗೆದು ಹಂಚಿದವು. ಹೀಗೆ ಬರೆಯುತ್ತಿದ್ದವರಲ್ಲಿ ಹಗಲೆಲ್ಲ ಗಣಕಯಂತ್ರದ ಮುಂದೆಯೇ ಕೆಲಸ ಮಾಡುವವರೂ ಇದ್ದರು. ಕಚೇರಿಯ ಯಂತ್ರ ಟೆಲಿಫೋನ್ ಜಾಲವನ್ನೇ ನಡೆಸಬಲ್ಲದು, ಆದರೆ ಅದಕ್ಕೆ 'ಕ' ಬರೆಯಲು ಬಾರದು. ಅದು ಕಲಿತದ್ದು ಹೇಗೆ ಎಂಬ ಕಥೆಯ ಒಂದು ದೊಡ್ಡ ಭಾಗ ನಡೆದದ್ದು ನಾವು ದಿನವೂ ಕಾರು ಓಡಿಸುವ ಊರುಗಳಲ್ಲೇ, ಮರ್ರೆ ಹಿಲ್ ಮತ್ತು ಮಾರಿಸ್‌ಟೌನ್‌ಗಳಲ್ಲಿ. ಅವೆರಡರ ನಡುವೆ ಅರ್ಧ ಗಂಟೆಯ ದಾರಿಯೂ ಇಲ್ಲ. ನಡುವೆ ಬರುವ ಮುಖ್ಯ ಪಾತ್ರ, 1985ರಲ್ಲಿ ಹುಟ್ಟಿ ಬೇಗನೆ ಮರೆತುಹೋದ ಒಂದು ಪೆಟ್ಟಿಗೆ: ಎ.ಟಿ. ಅಂಡ್ ಟಿ. ಕಂಪನಿಯ ಯೂನಿಕ್ಸ್ ಪಿ.ಸಿ.

ಯೂನಿಕ್ಸಿನ ಹುಟ್ಟನ್ನು ಬಹಳ ಜನ ಬಲ್ಲರು, ಆದ್ದರಿಂದ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1969ರಲ್ಲಿ ಮರ್ರೆ ಹಿಲ್‌ನ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಅವರು ಮೂಲೆಯಲ್ಲಿದ್ದ ಒಂದು ಪಿ.ಡಿ.ಪಿ.-7 ಯಂತ್ರದ ಮೇಲೆ ಅದನ್ನು ಆರಂಭಿಸಿದರು. ಡೆನ್ನಿಸ್ ರಿಚಿ ಜೊತೆಗೂಡಿದರು. ಮುಂದೆ ರಿಚಿಯವರ ಸಿ ಭಾಷೆಯಲ್ಲಿ ಅದನ್ನು ತಿದ್ದಿ ಬರೆದದ್ದರಿಂದ ಯಾವ ಯಂತ್ರಕ್ಕಾದರೂ ಒಯ್ಯುವಂತಾಯಿತು. ಆದರೆ 1956ರ ನ್ಯಾಯಾಲಯದ ಒಪ್ಪಂದದಂತೆ ಎ.ಟಿ. ಅಂಡ್ ಟಿ. ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರ ಮಾಡುವಂತಿರಲಿಲ್ಲ. ಹೀಗಾಗಿ ಯೂನಿಕ್ಸ್ ವಿಶ್ವವಿದ್ಯಾಲಯಗಳಿಗೆ ಹೆಚ್ಚು ಕಡಿಮೆ ಪ್ರಸಾದದಂತೆ ಹಂಚಿಕೆಯಾಯಿತು. ಮಾರುವ ಹಕ್ಕು ಇದ್ದಿದ್ದರೆ ಅದು ಇಷ್ಟು ದೂರ ಹರಡುತ್ತಿತ್ತೇ ಎಂಬುದು ಅನುಮಾನ.

ಆ ಕಾಲದ ಯೂನಿಕ್ಸ್ ಬಳಕೆ ಎಂದರೆ ಅಕ್ಷರಗಳ ಟರ್ಮಿನಲ್. ಪರದೆಯಲ್ಲಿ ಅಡ್ಡಕ್ಕೆ 80, ಉದ್ದಕ್ಕೆ 24 ಮನೆಗಳು. ಒಂದೊಂದು ಮನೆಯಲ್ಲಿ ಒಂದು ರೋಮನ್ ಅಕ್ಷರ. ಅಕ್ಷರದ ಆಕಾರ ಟರ್ಮಿನಲ್ಲಿನ ಒಳಗೇ ಒಂದು ಚಿಪ್‌ನಲ್ಲಿ ಕೊರೆದಿರುತ್ತಿತ್ತು. ಅದರಲ್ಲಿ 'ಎ' ಇತ್ತು, 'ಝಡ್' ಇತ್ತು. ನಮ್ಮ 'ಅ'ಕಾರಕ್ಕೆ ಜಾಗವೇ ಇರಲಿಲ್ಲ. ನೀವು ಎಷ್ಟೇ ದೊಡ್ಡ ಪ್ರೋಗ್ರಾಮರ್ ಆಗಿರಿ, ಇಲ್ಲದ ಅಚ್ಚಿನಿಂದ ಅಕ್ಷರ ಒತ್ತಲಾಗದು.

ಈ ಕಟ್ಟನ್ನು ಮುರಿದದ್ದು ಚುಕ್ಕಿಗಳ ಪರದೆ. ನಮ್ಮ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ: ಚುಕ್ಕಿ ಇಟ್ಟು ರಂಗೋಲಿ ಹಾಕುವ ಲೆಕ್ಕವೇ ಇದು. ಪರದೆಯನ್ನು ಅಕ್ಷರಗಳ ಮನೆಗಳಾಗಿ ಹಂಚುವ ಬದಲು ಲಕ್ಷಾಂತರ ಚುಕ್ಕಿಗಳಾಗಿ ಹಂಚಿ, ಪ್ರತಿಯೊಂದು ಚುಕ್ಕಿಗೂ ನೆನಪಿನ ಕೋಶದಲ್ಲಿ ಒಂದು ಬಿಟ್ ಮೀಸಲಿಟ್ಟರೆ, ಯಾವ ಚುಕ್ಕಿ ಬೆಳಗಬೇಕು, ಯಾವುದು ಆರಬೇಕು ಎಂದು ಪ್ರೋಗ್ರಾಮೇ ನಿರ್ಧರಿಸಬಹುದು. ಆಗ 'ಎ' ಬರೆಯುವುದಕ್ಕೂ 'ಕ್ಷ' ಬರೆಯುವುದಕ್ಕೂ ಯಂತ್ರದ ಮಟ್ಟಿಗೆ ಭೇದವಿಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ 1982ರ ಹೊತ್ತಿಗೆ ರಾಬ್ ಪೈಕ್ ಮತ್ತು ಬಾರ್ಟ್ ಲೊಕಾಂತಿ ಇಬ್ಬರೂ ಸೇರಿ ಬ್ಲಿಟ್ ಎಂಬ ಇಂಥ ಟರ್ಮಿನಲ್ ಕಟ್ಟಿದರು. ಅಡ್ಡಕ್ಕೆ 800, ಉದ್ದಕ್ಕೆ 1024 ಚುಕ್ಕಿಗಳ, ನಿಂತ ಕಾಗದದ ಆಕಾರದ ಪರದೆ, ಒಂದರ ಮೇಲೊಂದು ಕಿಟಕಿಗಳು, ಕೈಗೊಂದು ಮೌಸ್. ಆದರೆ ಅದು ಪ್ರಯೋಗಶಾಲೆಯ ಸೊತ್ತು. ಮನೆಗೆ, ಸಣ್ಣ ಕಚೇರಿಗೆ ಇಂಥದು ಬಂದದ್ದು ಯೂನಿಕ್ಸ್ ಪಿ.ಸಿ. ರೂಪದಲ್ಲಿ.

1984ರ ಜನವರಿ 1ರಂದು ಬೆಲ್ ಟೆಲಿಫೋನ್ ಸಂಸ್ಥೆ ಹೋಳಾಯಿತು. ಸ್ಥಳೀಯ ಫೋನುಗಳು ಏಳು ಪ್ರಾದೇಶಿಕ ಕಂಪನಿಗಳಿಗೆ ಹೋದವು; ಪ್ರತಿಯಾಗಿ ಎ.ಟಿ. ಅಂಡ್ ಟಿ.ಗೆ ಗಣಕ ಮಾರುವ ಸ್ವಾತಂತ್ರ್ಯ ಸಿಕ್ಕಿತು. 1985ರ ಮಾರ್ಚಿಯಲ್ಲಿ ಅದು ಪಿ.ಸಿ. 7300 ಎಂಬ ಸಂಖ್ಯೆಯ ಯೂನಿಕ್ಸ್ ಪಿ.ಸಿ.ಯನ್ನು ಪ್ರಕಟಿಸಿತು. ಕಟ್ಟಿಕೊಟ್ಟದ್ದು ಕ್ಯಾಲಿಫೋರ್ನಿಯದ ಕನ್ವರ್ಜೆಂಟ್ ಟೆಕ್ನಾಲಜೀಸ್. 10 ಮೆಗಾಹರ್ಟ್ಸ್‌ನ ಮೋಟೊರೋಲಾ 68010 ಪ್ರೊಸೆಸರ್, ಅರ್ಧ ಮೆಗಾಬೈಟ್‌ನಿಂದ ಆರಂಭವಾಗುವ ಮೆಮೊರಿ, 10 ಮೆಗಾಬೈಟ್ ಹಾರ್ಡ್ ಡಿಸ್ಕ್, ಫೋನ್ ಕಂಪನಿಯದಲ್ಲವೇ, ಒಳಗೇ ಕೂಡಿಸಿದ 1200 ಬಾಡ್ ಮೋಡೆಮ್, ಹಿಂದೆ ಫೋನ್ ತಂತಿಗೆ ಮೂರು ಕಿಂಡಿ. ಬೆಲೆ 5 ಸಾವಿರ ಡಾಲರಿಗೂ ಮೇಲೆ. ಅಂದಿನ 5 ಸಾವಿರ ಡಾಲರು ಎಂದರೆ ಕಾರಿನ ಮಾತು.

ಪರದೆ 12 ಅಂಗುಲದ್ದು, ಹಸಿರು, ಅಡ್ಡಕ್ಕೆ 720, ಉದ್ದಕ್ಕೆ 348 ಚುಕ್ಕಿ. ಹಿಂದಿನ ವರ್ಷ ಬಂದ ಆಪಲ್ ಮ್ಯಾಕಿಂಟಾಷ್‌ನದು 512 ಅಡ್ಡ, 342 ಉದ್ದ. ಅದಕ್ಕಿಂತ ಇದು ಅಗಲ. ಮ್ಯಾಕಿಂಟಾಷ್‌ಗೆ ಆಗ ಹಾರ್ಡ್ ಡಿಸ್ಕೂ ಇರಲಿಲ್ಲ. ಯೂನಿಕ್ಸ್ ಪಿ.ಸಿ.ಯಲ್ಲಿ ಮೂರು ಗುಂಡಿಯ ಮೌಸಿನಿಂದ ಫೈಲ್ ಕ್ಯಾಬಿನೆಟ್, ವೇಸ್ಟ್‌ಬ್ಯಾಸ್ಕೆಟ್ ಎಂದೆಲ್ಲ ಆರಿಸಿಕೊಳ್ಳುವ ಕಚೇರಿಯ ಸಿದ್ಧ ವ್ಯವಸ್ಥೆ ಇತ್ತು. ಯೂನಿಕ್ಸ್ ಬಲ್ಲವರಿಗೆ ಇದು ಮಕ್ಕಳಾಟದಂತೆ ಕಂಡಿತು. ಬಾರದವರಿಗೆ ಅಷ್ಟು ದುಡ್ಡು ಕೊಡುವ ಕಾರಣ ಕಾಣಲಿಲ್ಲ, ಏಕೆಂದರೆ ಐ.ಬಿ.ಎಂ. ಪಿ.ಸಿ.ಗೆ ಬರೆದ ತಂತ್ರಾಂಶ ಇದರಲ್ಲಿ ನೇರವಾಗಿ ಓಡುತ್ತಿರಲಿಲ್ಲ. ಒಳ್ಳೆಯ ಪದಾರ್ಥ ಮಾಡುವುದು ಬೇರೆ, ಅಂಗಡಿ ಇಟ್ಟು ಮಾರುವುದು ಬೇರೆ. ತಲೆಮಾರುಗಳ ಕಾಲ ಏಕಸ್ವಾಮ್ಯದಲ್ಲಿ ಬೆಳೆದ ಕಂಪನಿಗೆ ಎರಡನೆಯದು ಒಗ್ಗಲಿಲ್ಲವೆಂದೇ ನನ್ನ ಅಭಿಪ್ರಾಯ. ಮಾರಾಟವಾಗದೆ ಉಳಿದ ಯಂತ್ರಗಳು ಕೆಲವೇ ವರ್ಷಗಳಲ್ಲಿ ಕಡಿಮೆ ಬೆಲೆಗೆ ಹೊರಬಿದ್ದವು. ಅದರಿಂದ ಲಾಭವಾದದ್ದು ಹವ್ಯಾಸಿಗಳಿಗೆ. ಕಚೇರಿಯಲ್ಲಿ ದೊಡ್ಡ ಯಂತ್ರದ ಮೇಲೆ ಮಾತ್ರ ಕಾಣುತ್ತಿದ್ದ ಯೂನಿಕ್ಸು ಈಗ ಮನೆಯ ಬೇಸ್‌ಮೆಂಟಿನಲ್ಲಿ, ಇಸ್ತ್ರಿ ಮೇಜಿನ ಪಕ್ಕದಲ್ಲಿ ಓಡುವಂತಾಯಿತು.

ಇಲ್ಲಿಂದ ಕಥೆಯ ಸ್ವಾರಸ್ಯ. ಕಂಪನಿ ಕೈಬಿಟ್ಟ ಯಂತ್ರವನ್ನು ಬಳಸುವವರೇ ಬೆಳೆಸಿದರು, ಎರಡು ದಿಕ್ಕಿನಲ್ಲಿ: ಪರದೆಗೆ ಒಳ್ಳೆಯ ಕಿಟಕಿ ತಂತ್ರಾಂಶ, ಡಿಸ್ಕಿಗೆ ಹೆಚ್ಚು ಜಾಗ. ಇವೆರಡೂ ಬೇರೆ ಬೇರೆ ಎಂದು ತೋರಬಹುದು; ಹಾಗಲ್ಲ. 68010 ಪ್ರೊಸೆಸರಿನ ವಿಶೇಷವೆಂದರೆ, ಮೆಮೊರಿಯಲ್ಲಿ ಇಲ್ಲದ ಭಾಗ ಬೇಕಾದಾಗ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ, ಡಿಸ್ಕಿನಿಂದ ಆ ಭಾಗ ತರಿಸಿಕೊಂಡು, ನಿಂತಲ್ಲಿಂದಲೇ ಮುಂದುವರಿಯುವ ಶಕ್ತಿ. ಅದರ ಅಣ್ಣ 68000ಕ್ಕೆ ಇದು ಬಾರದು. ಹೀಗಾಗಿ ಡಿಸ್ಕಿನಲ್ಲಿ ಕೆಲವು ಮೆಗಾಬೈಟು ಮೆಮೊರಿಯ ವಿಸ್ತರಣೆಗೆಂದೇ ಮೀಸಲು. ಕಿಟಕಿಗಳು ಹೆಚ್ಚಿದಂತೆ ಓಡುವ ಪ್ರೋಗ್ರಾಮುಗಳು ಹೆಚ್ಚುತ್ತವೆ, ಡಿಸ್ಕಿನ ಓಡಾಟವೂ ಹೆಚ್ಚುತ್ತದೆ. 10 ಮೆಗಾಬೈಟಿನಲ್ಲಿ ಯೂನಿಕ್ಸ್ ತಾನು ಕೂತು, ಈ ಮೀಸಲು ಬಿಟ್ಟು, ಯಜಮಾನನಿಗೆ ಉಳಿಯುತ್ತಿದ್ದದ್ದು ಅಳಿದುಳಿದ ಜಾಗ. ಎಲ್ಲರೂ ಉಂಡ ಮೇಲೆ ಮನೆಯೊಡತಿಗೆ ತಳದ ಅನ್ನ ಉಳಿದಂತೆ.

ಮೊದಲು ಕಿಟಕಿಯ ವಿಷಯ. ಬೆಲ್ ಒಡೆದಾಗ ಏಳು ಪ್ರಾದೇಶಿಕ ಕಂಪನಿಗಳಿಗೂ ಸೇರಿ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತ್ತು: ಬೆಲ್‌ಕೋರ್. ಅದರ ಮಾರಿಸ್‌ಟೌನ್ ಶಾಖೆಯಲ್ಲಿ ಸ್ಟೀಫನ್ ಊಲರ್ ಅವರು ಒಂದು ಕಿಟಕಿ ವ್ಯವಸ್ಥೆಯನ್ನು ಬರೆದರು. ಹೆಸರು ಎಂ.ಜಿ.ಆರ್. ಹೆಸರು ಕೇಳಿದೊಡನೆ ಕಪ್ಪು ಕನ್ನಡಕ, ಬಿಳಿ ಟೋಪಿ ಕಣ್ಣಮುಂದೆ ಬಂದರೆ ತಪ್ಪು ತಮ್ಮದಲ್ಲ. ಆ ವರ್ಷಗಳಲ್ಲಿ ಮದರಾಸಿನಲ್ಲಿ ಮುಖ್ಯಮಂತ್ರಿಯಾಗಿದ್ದವರೂ ಅವರೇ. ಇದು ಮಾತ್ರ 'ಮ್ಯಾನೇಜರ್' ಎಂಬುದರ ಗಿಡ್ಡ ರೂಪ. ಸನ್ ಯಂತ್ರಗಳಿಗೆಂದು ಬರೆದದ್ದು, ಯೂನಿಕ್ಸ್ ಪಿ.ಸಿ.ಗೂ ಬಂತು. ಎಂ.ಐ.ಟಿ.ಯ ಎಕ್ಸ್ ವಿಂಡೋ ವ್ಯವಸ್ಥೆ ಅದೇ ಕಾಲದಲ್ಲಿ ಬೆಳೆಯುತ್ತಿದ್ದರೂ ಅದಕ್ಕೆ ಬೇಕಾದ ಮೆಮೊರಿ ಇಂಥ ಸಣ್ಣ ಯಂತ್ರದ ಹೊಟ್ಟೆಗೆ ಹಿಡಿಸುವಂಥದಲ್ಲ.

ಎಂ.ಜಿ.ಆರ್.ನ ಜಾಣತನ ಅದರ ಸರಳತೆಯಲ್ಲಿದೆ. ಪ್ರೋಗ್ರಾಮು ಎಂದಿನಂತೆ ಅಕ್ಷರಗಳನ್ನು ಕಳಿಸುತ್ತದೆ. ಚಿತ್ರ ಬೇಕಾದಾಗ ನಡುವೆ ಒಂದು ವಿಶೇಷ ಗುರುತು ಹಾಕಿ 'ಇಲ್ಲಿಂದ ಇಲ್ಲಿಗೆ ಗೆರೆ', 'ಹೊಸ ಕಿಟಕಿ', 'ಈ ಅಚ್ಚು ಬಳಸು' ಎಂದು ಹೇಳುತ್ತದೆ. ಎಲ್ಲವೂ ಹೋಗುವುದು ಒಂದೇ ತಂತಿಯಲ್ಲಿ. ಆದ್ದರಿಂದ ಪ್ರೋಗ್ರಾಮು ಕಚೇರಿಯ ಯಂತ್ರದಲ್ಲಿ ಓಡುತ್ತಿದ್ದು, ಚಿತ್ರ ಫೋನ್ ತಂತಿಯ ಮೂಲಕ ಮನೆಯ ಪರದೆಯಲ್ಲಿ ಮೂಡಬಹುದು.

ಈಗ ನಮ್ಮ ಅಕ್ಷರದ ಲೆಕ್ಕ ಹಾಕೋಣ. 720 ಅಡ್ಡ, 348 ಉದ್ದದ ಪೂರ್ಣ ಪರದೆ ಎಂದರೆ 2,50,560 ಚುಕ್ಕಿ, ಅಂದರೆ 31,320 ಬೈಟು. 1200 ಬಾಡ್ ಮೋಡೆಮ್ ಸೆಕೆಂಡಿಗೆ ಸುಮಾರು 120 ಬೈಟು ಸಾಗಿಸುತ್ತದೆ. ಕನ್ನಡದ ಒಂದು ಪುಟವನ್ನು ಚಿತ್ರವಾಗಿ ಕಳಿಸಿದರೆ ನಾಲ್ಕು ನಿಮಿಷಕ್ಕೂ ಮೇಲೆ. ಅಷ್ಟರಲ್ಲಿ ಕಾಫಿ ಸೋಸಿ ಕುಡಿಯಬಹುದು. ಆದರೆ ಅಕ್ಷರಗಳ ಅಚ್ಚನ್ನು ಮೊದಲೇ ಕಳಿಸಿಟ್ಟರೆ? ಕನ್ನಡಕ್ಕೆ ತಲೆಯ ಮೇಲೆ ಗುಡಿಸು ಬೇಕು, ಕೆಳಗೆ ಒತ್ತು ಬೇಕು. 24 ಚುಕ್ಕಿ ಎತ್ತರ, 16 ಚುಕ್ಕಿ ಅಗಲ ಇಟ್ಟರೆ ಒಂದು ಅಚ್ಚಿಗೆ 48 ಬೈಟು. ಅಕ್ಷರ, ಕಾಗುಣಿತದ ಚಿಹ್ನೆ, ಒತ್ತು ಎಲ್ಲ ಸೇರಿ 200 ಅಚ್ಚು ಎಂದಿಟ್ಟುಕೊಂಡರೆ 9,600 ಬೈಟು, ಎಂಬತ್ತು ಸೆಕೆಂಡು. ಆಮೇಲೆ ಅಚ್ಚಿನ ಸಂಖ್ಯೆ ಕಳಿಸಿದರೆ ಸಾಕು. ಫಾಂಟ್ ಎಂದು ನಾವು ಇಂದು ಕರೆಯುವುದರ ತಿರುಳು ಇಷ್ಟೇ. ಒಂದೇ ತೊಡಕು: ಎಂ.ಜಿ.ಆರ್.ನ ಅಚ್ಚುಗಳೆಲ್ಲ ಒಂದೇ ಅಗಲದವು. 'ಞ'ಕ್ಕೂ 'ರ'ಕ್ಕೂ ಒಂದೇ ಅಗಲದ ಕೋಣೆ ಕೊಟ್ಟರೆ ಒಬ್ಬರಿಗೆ ಕಾಲು ಚಾಚಲಾಗದು, ಇನ್ನೊಬ್ಬರಿಗೆ ಮನೆಯೆಲ್ಲ ಖಾಲಿ. ಕನ್ನಡ ಟೈಪ್‌ರೈಟರ್ ನೋಡಿದವರಿಗೆ ಈ ಅಂದಗೇಡು ಪರಿಚಿತ.

ಇನ್ನು ಡಿಸ್ಕು. ನನ್ನ ಮಟ್ಟಿಗೆ ಇದೇ ಈ ಯಂತ್ರದ ಕಥೆಯಲ್ಲಿ ಅತ್ಯಂತ ರಸವತ್ತಾದ ಅಧ್ಯಾಯ. 10ರ ನಂತರ 20, 40, ಕೊನೆಗೆ 67 ಮೆಗಾಬೈಟಿನ ಡಿಸ್ಕುಗಳು ಬಂದವು. 67 ಮೆಗಾಬೈಟಿನದು ಪೂರ್ಣ ಎತ್ತರದ ಡಿಸ್ಕು. ಅದು ಹಿಡಿಸಲೆಂದೇ 3ಬಿ1 ಎಂಬ ಮುಂದಿನ ಮಾದರಿಯ ಪೆಟ್ಟಿಗೆಗೆ ಒಂಟೆಯ ಡುಬ್ಬದಂತೆ ಉಬ್ಬು ಕೊಟ್ಟರು. ಸರಿ, 67ಕ್ಕೇ ಏಕೆ ನಿಲ್ಲಬೇಕು? ಡಿಸ್ಕನ್ನು ನಿಯಂತ್ರಿಸುತ್ತಿದ್ದದ್ದು ವೆಸ್ಟರ್ನ್ ಡಿಜಿಟಲ್‌ನ ಡಬ್ಲ್ಯು.ಡಿ. 1010 ಎಂಬ ಚಿಪ್ಪು. ಡಿಸ್ಕಿನ ತಟ್ಟೆಗಳಲ್ಲಿ ಒಂದರ ಒಳಗೊಂದು ಸುತ್ತುಗಳಿರುತ್ತವೆ, ಎಲ್ಲ ತಟ್ಟೆಗಳ ಒಂದೇ ಅಳತೆಯ ಸುತ್ತುಗಳಿಗೆ ಸೇರಿ ಸಿಲಿಂಡರ್ ಎಂದು ಹೆಸರು. ಸಿಲಿಂಡರ್ ಸಂಖ್ಯೆ ಬರೆಯಲು ಈ ಚಿಪ್ಪಿನಲ್ಲಿದ್ದದ್ದು ಹತ್ತೇ ಬಿಟ್ಟು, ಅಂದರೆ 1024ರವರೆಗೆ. ಓದುವ ತಲೆಗಳು 8ರವರೆಗೆ. ಒಂದು ಸುತ್ತಿನಲ್ಲಿ 512 ಬೈಟಿನ 16 ಖಾನೆ. ಗುಣಿಸಿ ನೋಡಿ: 6,71,08,864 ಬೈಟು, ಸರಿಯಾಗಿ 67 ಮೆಗಾಬೈಟು. ಬಡಾವಣೆಯಲ್ಲಿ ನಿವೇಶನಗಳು ಎಷ್ಟೇ ಇರಲಿ, ಪೋಸ್ಟ್‌ಮನ್ನನ ಪುಸ್ತಕದಲ್ಲಿ ಮನೆ ನಂಬರಿಗೆ ಎರಡೇ ಅಂಕಿಯ ಜಾಗವಿದ್ದರೆ ನೂರನೆಯ ಮನೆಗೆ ಕಾಗದ ಬರುವುದಿಲ್ಲ.

ಪರಿಹಾರವನ್ನು ಕಂಡುಕೊಂಡವರು ಬಳಕೆದಾರರು. ಅದೇ ಕಂಪನಿಯ ಡಬ್ಲ್ಯು.ಡಿ. 2010 ಎಂಬ ಚಿಪ್ಪಿಗೂ ಕಾಲುಗಳ ಜೋಡಣೆ ಅದೇ, ಆದರೆ ಸಿಲಿಂಡರ್ ಸಂಖ್ಯೆಗೆ ಹನ್ನೊಂದು ಬಿಟ್ಟು, ಅಂದರೆ ಇಮ್ಮಡಿ. ಹಳೆಯದನ್ನು ಕಿತ್ತು ಹೊಸದನ್ನು ಕೂಡಿಸಿ, ಎಂಟಕ್ಕಿಂತ ಹೆಚ್ಚು ತಲೆಗಳನ್ನು ಆರಿಸಲು ಬೋರ್ಡಿನ ಮೇಲೆ ಇನ್ನಷ್ಟು ತಂತಿ ಎಳೆದರೆ ನೂರಕ್ಕೂ ಹೆಚ್ಚು ಮೆಗಾಬೈಟಿನ ಡಿಸ್ಕು ಸಿಗುತ್ತಿತ್ತು. ಲಾಂಗ್ ಐಲೆಂಡಿನ ಐಕಸ್ ಸಾಫ್ಟ್‌ವೇರ್ ಸಿಸ್ಟಮ್ಸ್ ಎಂಬ ಸಣ್ಣ ಸಂಸ್ಥೆ ಇಂಥ ಡಿಸ್ಕ್ ಬದಲಾವಣೆಯ ವಿಧಾನವನ್ನು ಇತರರಿಗೂ ಒದಗಿಸಿತು. ಸೋಲ್ಡರಿಂಗ್ ಐರನ್ ಹಿಡಿದು ಸಾವಿರಾರು ಡಾಲರಿನ ಯಂತ್ರದ ಬೋರ್ಡಿಗೆ ಕೈಹಾಕಲು ಧೈರ್ಯ ಬೇಕು. ಆಮೇಲೆ ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ, ಒಂದರ ಹಿಂದೊಂದು ಫ್ಲಾಪಿ ಹಾಕಿ ಯೂನಿಕ್ಸನ್ನು ಮತ್ತೆ ತುಂಬಬೇಕು. ಒಂದು ವಾರಾಂತ್ಯ ಪೂರ್ತಿ. ಮಕ್ಕಳ ಸಾಕರ್ ಆಟಕ್ಕೆ ಆ ಶನಿವಾರ ತಾಯಿಯೇ ಕರೆದೊಯ್ಯಬೇಕು.

ಇಷ್ಟೊಂದು ಒದ್ದಾಡಿದ ಕಾಲದಲ್ಲಿ ಒಂದು ಬೈಟಿಗೂ ಬೆಲೆಯಿತ್ತು. ಕನ್ನಡವನ್ನು ಗಣಕದಲ್ಲಿ ಹೇಗೆ ಇಡಬೇಕೆಂಬ ಪ್ರಶ್ನೆಗೆ ಭಾರತ ಕೊಟ್ಟ ಉತ್ತರದಲ್ಲೂ ಈ ಮಿತವ್ಯಯ ಕಾಣುತ್ತದೆ. ಇಸ್ಕಿ ಎಂಬ ಸಂಕೇತ ಪದ್ಧತಿ 1988ರಲ್ಲಿ ರೂಪುಗೊಂಡು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಅಕ್ಷರಕ್ಕೆ ಒಂದೇ ಬೈಟು. ಅದೇ 1991ರಲ್ಲಿ ಯೂನಿಕೋಡ್ ಮೊದಲ ಆವೃತ್ತಿ ಬಂತು. ಅದು ಇಸ್ಕಿಯ ಕ್ರಮವನ್ನೇ ಅನುಸರಿಸಿ ಕನ್ನಡಕ್ಕೆ ತನ್ನದೇ ಬಡಾವಣೆಯನ್ನು ಕೊಟ್ಟಿತು. ಆದರೆ ಆಗಿನ ಯೂನಿಕೋಡ್ ಪ್ರತಿ ಅಕ್ಷರಕ್ಕೂ ಎರಡು ಬೈಟು ಕೇಳುತ್ತಿತ್ತು, ಮತ್ತು ರೋಮನ್ ಅಕ್ಷರಗಳ ಎರಡು ಬೈಟುಗಳಲ್ಲಿ ಒಂದು ಸೊನ್ನೆ. ಸಿ ಭಾಷೆಯಲ್ಲಿ ಸೊನ್ನೆ ಬೈಟು ಎಂದರೆ 'ಪದ ಇಲ್ಲಿಗೆ ಮುಗಿಯಿತು' ಎಂದರ್ಥ. ಯೂನಿಕ್ಸ್ ಒಳಕ್ಕೆ ಇದನ್ನು ಬಿಟ್ಟುಕೊಂಡರೆ ಮನೆಯೇ ಕುಸಿಯುತ್ತದೆ.

ಬಗೆಹರಿದದ್ದು ಮತ್ತೆ ನಮ್ಮ ನ್ಯೂಜೆರ್ಸಿಯಲ್ಲಿ. 1992ರ ಸೆಪ್ಟೆಂಬರ್ ಆರಂಭದ ಒಂದು ಸಂಜೆ, ಬ್ಲಿಟ್ ಕಟ್ಟಿದ ಅದೇ ರಾಬ್ ಪೈಕ್ ಮತ್ತು ಯೂನಿಕ್ಸ್ ಆರಂಭಿಸಿದ ಅದೇ ಕೆನ್ ಥಾಂಪ್ಸನ್ ಒಂದು ಡೈನರ್‌ನಲ್ಲಿ ಊಟಕ್ಕೆ ಕುಳಿತಿದ್ದಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಒಂದು ಯೋಜನೆ ಬರೆದರು. ಯು.ಟಿ.ಎಫ್.-8 ಹುಟ್ಟಿದ್ದು ಹೀಗೆ. ಒಂದು ವಾರದೊಳಗೆ ಅವರ ಪ್ಲಾನ್ 9 ವ್ಯವಸ್ಥೆ ಪೂರ್ತಿಯಾಗಿ ಅದಕ್ಕೆ ಬದಲಾಗಿತ್ತು. ರೋಮನ್ ಅಕ್ಷರಗಳಿಗೆ ಹಿಂದಿನಂತೆ ಒಂದೇ ಬೈಟು, ಆದ್ದರಿಂದ ಹಳೆಯ ಕಡತಗಳು ಕೆಡವು. ಉಳಿದವಕ್ಕೆ ಎರಡು, ಮೂರು ಬೈಟು. ಯಾವ ಬೈಟನ್ನು ನೋಡಿದರೂ ಇದು ಅಕ್ಷರದ ತಲೆಯೋ ಬಾಲವೋ ತಕ್ಷಣ ತಿಳಿಯುತ್ತದೆ. ನಮ್ಮ 'ಕ' ಎಂದರೆ 224, 178, 149 ಎಂಬ ಮೂರು ಬೈಟು. 'ಕನ್ನಡ' ಎಂಬ ಪದಕ್ಕೆ ಅರ್ಧಾಕ್ಷರದ ಗುರುತೂ ಸೇರಿ ಐದು ಸಂಕೇತ, ಹದಿನೈದು ಬೈಟು; ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ ಏಳು. ಇದು ಅನ್ಯಾಯವೆಂದು ಆಗ ಗೊಣಗಿದವರಿದ್ದರೆ ತಪ್ಪೇನೂ ಇಲ್ಲ. 10 ಮೆಗಾಬೈಟಿನ ಡಿಸ್ಕಿದ್ದವನಿಗೆ ಮೂರು ಪಟ್ಟು ಜಾಗ ದುಬಾರಿಯೇ. ಡಿಸ್ಕುಗಳು ಬೆಳೆದದ್ದರಿಂದ ಈ ಜಗಳ ತಾನಾಗಿ ತಣ್ಣಗಾಯಿತು.

ಆದರೆ ಡೈನರಿನ ಕಾಗದದಿಂದ ನಮ್ಮ ಮನೆಯ ಪರದೆಗೆ ಬರಲು ಹತ್ತು ವರ್ಷವೇ ಹಿಡಿಯಿತು. ನಡುವೆ ಕನ್ನಡದ ಕೈ ಹಿಡಿದು ನಡೆಸಿದವರು ಬೇರೆ. ಕಿನ್ನಿಕಂಬಳದ ಕೆ.ಪಿ. ರಾಯರು ಉಚ್ಚಾರಣೆಗೆ ತಕ್ಕ ಕೀಲಿಮಣೆಯ ವಿನ್ಯಾಸ ಮಾಡಿ, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಹೊರನಾಡಿನ ಕನ್ನಡ ಸಂಚಿಕೆಗಳು ಕೈಬರಹದಿಂದ ಬಿಡುಗಡೆ ಹೊಂದಿದ್ದರಲ್ಲಿ ಇದರ ಪಾಲು ಬಹಳ ದೊಡ್ಡದು. ನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'. 2001ರ ವಿಂಡೋಸ್ ಎಕ್ಸ್.ಪಿ.ಯಲ್ಲಿ ತುಂಗಾ ಫಾಂಟು ಸೇರಿತು, ಯೂನಿಕೋಡ್ ಕನ್ನಡ ಸಾಮಾನ್ಯರ ಯಂತ್ರಕ್ಕೆ ಬಂತು.

ಆ ನಡುವಿನ ವರ್ಷಗಳ ಕಡತಗಳ ಗತಿಯನ್ನು ಮಾತ್ರ ಹೇಳದೆ ಇರಲಾರೆ. ಆಗ ಉಳಿಸುತ್ತಿದ್ದದ್ದು ಅಕ್ಷರವನ್ನಲ್ಲ, ಅಚ್ಚಿನ ಸಂಖ್ಯೆಯನ್ನು, ಎಂ.ಜಿ.ಆರ್. ಲೆಕ್ಕದಲ್ಲಿ ಮೇಲೆ ನೋಡಿದೆವಲ್ಲ, ಹಾಗೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕವಿತೆಯ ಜಾಗದಲ್ಲಿ ಕೊಂಬು ಬಾಲಗಳಿರುವ ರೋಮನ್ ಅಕ್ಷರಗಳ ಸಂತೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಯಾವ ಫಾಂಟಿನಲ್ಲಿ ಬರೆದದ್ದೆಂದು ತಿಳಿದಿರಬೇಕು. ಕೈಬರಹದ ಹಳೆಯ ಸಂಚಿಕೆಯನ್ನು ಇಂದಿಗೂ ಓದಬಹುದು. 1990ರ ದಶಕದ ಫ್ಲಾಪಿಯಲ್ಲಿರುವ ಸಂಚಿಕೆ ಓದಲು ಬಾರದು. ನಮ್ಮ ಕೂಟಗಳ ಸದಸ್ಯರು ಬರೆದ ಎಷ್ಟು ಲೇಖನ, ನಾಟಕ, ಹಾಡುಗಳು ಹೀಗೆ ಬಾಯಿ ಕಟ್ಟಿ ಕುಳಿತಿವೆಯೋ!

ಕಥೆಯ ಪಾತ್ರಧಾರಿಗಳೂ ಚದುರಿದ್ದಾರೆ. ಎ.ಟಿ. ಅಂಡ್ ಟಿ. 1993ರಲ್ಲಿ ಯೂನಿಕ್ಸನ್ನು ನೋವೆಲ್ ಕಂಪನಿಗೆ ಮಾರಿತು. ಬೆಲ್‌ಕೋರ್ 1999ರಲ್ಲಿ ಟೆಲ್‌ಕೋರ್ಡಿಯ ಎಂದು ಹೆಸರು ಬದಲಿಸಿ, 2012ರಲ್ಲಿ ಎರಿಕ್‌ಸನ್ ಪಾಲಾಯಿತು. ಡೆನ್ನಿಸ್ ರಿಚಿ 2011ರ ಅಕ್ಟೋಬರಿನಲ್ಲಿ ಮರ್ರೆ ಹಿಲ್‌ನ ಪಕ್ಕದ ಬರ್ಕ್ಲಿ ಹೈಟ್ಸ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಬೆಲ್ ಲ್ಯಾಬ್ಸ್‌ನ ಒಡೆತನ ಪಡೆದ ನೋಕಿಯಾ, ಮರ್ರೆ ಹಿಲ್ ಆವರಣವನ್ನು ಬಿಟ್ಟು ನ್ಯೂ ಬ್ರನ್ಸ್‌ವಿಕ್‌ಗೆ ಹೋಗುವುದಾಗಿ 2023ರಲ್ಲಿ ಪ್ರಕಟಿಸಿತು.

ಯಂತ್ರಕ್ಕೆ ಮಾತ್ರ ಎರಡನೆಯ ಜನ್ಮ ಸಿಕ್ಕಿದೆ. ಫ್ರೀಬೀ ಎಂಬ ಉಚಿತ ತಂತ್ರಾಂಶ 3ಬಿ1ನ್ನು ಇಂದಿನ ಲ್ಯಾಪ್‌ಟಾಪಿನಲ್ಲೇ ಅನುಕರಿಸುತ್ತದೆ. ಹಳೆಯ ಡಿಸ್ಕಿನ ಮೇಲಿನ ಗುರುತುಗಳನ್ನು ಇದ್ದಂತೆಯೇ ಓದಿ ಪ್ರತಿ ತೆಗೆಯುವ ಸಣ್ಣ ಬೋರ್ಡುಗಳೂ ಇವೆ. ತಮ್ಮ ಬೇಸ್‌ಮೆಂಟಿನಲ್ಲಿ ಡುಬ್ಬವಿರುವ ಅಂಥ ಪೆಟ್ಟಿಗೆಯೋ, ಹಳೆಯ ಫ್ಲಾಪಿಗಳ ಕಟ್ಟೋ ಇದ್ದರೆ ಕಸದ ದಿನ ಹೊರಗಿಡಬೇಡಿ, ಆತುರದಿಂದ ಸ್ವಿಚ್ಚನ್ನೂ ಹಾಕಬೇಡಿ; ಹಳೆಯ ಕೆಪ್ಯಾಸಿಟರು ಸುಟ್ಟರೆ, ಅಂಟಿಕೊಂಡ ಡಿಸ್ಕಿನ ತಲೆ ತಟ್ಟೆಯನ್ನು ಗೀರಿದರೆ ಕಡತಗಳೂ ಹೋದವು. ವಾಲ್ ಟೌನ್‌ಶಿಪ್‌ನ ಇನ್ಫೋಏಜ್ ಸಂಗ್ರಹಾಲಯದಲ್ಲಿ ವಿಂಟೇಜ್ ಕಂಪ್ಯೂಟರ್ ಫೆಡರೇಷನ್ನಿನ ಹಳೆಯ ಗಣಕಗಳ ವಿಭಾಗವಿದೆ, ವರ್ಷಕ್ಕೊಮ್ಮೆ ಮೇಳವೂ ನಡೆಯುತ್ತದೆ. ಅಲ್ಲಿಗೆ ಬರುವವರಲ್ಲಿ ಸೋಲ್ಡರಿಂಗ್ ಐರನ್ ಹಿಡಿಯಬಲ್ಲವರು ಬೇಕಾದಷ್ಟು ಜನ. ಆದರೆ ಡಿಸ್ಕಿನಿಂದ ಹೊರಬಂದದ್ದು ಕನ್ನಡವೇ ಎಂದು ಗುರುತಿಸಲು ಜೊತೆಗೆ ನಮ್ಮವರೊಬ್ಬರು ಹೋಗಬೇಕಾಗುತ್ತದೆ.